ಹಗುರ ಕಾಲಾಳು: ಯವನರಲ್ಲಿ ಮತ್ತು ನಮ್ಮಲ್ಲಿ

ಬಿಳಿಜೋಳದ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಹೊಲದ ನಡುವಿನ ಅಟ್ಟಣಿಗೆಯ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸುವ ಕೆಲಸವನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಹಿರಿಯರು ಅನೇಕರು ಬಾಲ್ಯದಲ್ಲಿ ಮಾಡಿದವರೇ. ಒಂದು ಹುರಿ, ನಡುವೆ ಕಲ್ಲಿಡುವುದಕ್ಕೆ ಅಂಗೈಯಗಲದ ಒಂದು ಹೆಣಿಗೆ, ಸಾಧನವೆಂದರೆ ಇಷ್ಟೇ. ತಲೆಯ ಸುತ್ತ ತಿರುಗಿಸಿ ಒಂದು ತುದಿಯನ್ನು ಬಿಟ್ಟರೆ ಕಲ್ಲು ಸುಯ್ಯೆಂದು ಹಾರಿಹೋಗುತ್ತದೆ. ಇದೇ ಕವಣೆ ಕ್ರಿ. ಪೂ. 401ರಲ್ಲಿ ಹತ್ತು ಸಾವಿರ ಯವನ ಯೋಧರ ದಂಡೊಂದರ ಪ್ರಾಣ ಉಳಿಸಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಪಾರಸಿಕ ಸಾಮ್ರಾಜ್ಯದ ಒಡಲಿನಿಂದ ಹಿಂದಿರುಗುತ್ತಿದ್ದ ಆ ದಂಡನ್ನು ಶತ್ರುಗಳು ದೂರದಿಂದಲೇ ಬಾಣ, ಕಲ್ಲುಗಳಿಂದ ಕಾಡುತ್ತಿದ್ದರು. ಆಗ ನಾಯಕನಾದ ಝೆನೊಫನ್ ತನ್ನವರಲ್ಲಿದ್ದ ರೋಡ್ಸ್ ದ್ವೀಪದ 200 ಜನರನ್ನು ಆರಿಸಿ ಅವರ ಕೈಗೆ ಕವಣೆ ಕೊಟ್ಟನು. ಅವರು ಎಸೆದ ಸೀಸದ ಗುಂಡುಗಳು ಪಾರಸಿಕರ ಕಲ್ಲುಗಳಿಗಿಂತ ಎರಡರಷ್ಟು ದೂರ ಹೋಗುತ್ತಿದ್ದವಂತೆ. ಬೆನ್ನಟ್ಟಿ ಬಂದವರು ಹಿಂಜರಿದರು. ದಂಡು ಮುಂದೆ ಸಾಗಿತು.

ಇತಿಹಾಸದ ಪುಸ್ತಕಗಳಲ್ಲಿ ಆನೆಗೆ ಒಂದು ಪುಟ, ಕುದುರೆಗೆ ಒಂದು ಪುಟ, ಕೋಟೆಗೆ ನಾಲ್ಕು ಪುಟ ಮೀಸಲಾಗಿರುತ್ತವೆ. ಕವಣೆ, ಬಿಲ್ಲು, ಎಸೆಯುವ ಭರ್ಜಿಗಳನ್ನು ಹಿಡಿದು ಬರಿಗಾಲಿನಲ್ಲಿ ಓಡಾಡಿದ ಬಡ ಸೈನಿಕನಿಗೆ ಒಂದು ಸಾಲು ದೊರೆತರೆ ಅದೇ ಹೆಚ್ಚು. ಅವನು ಭಾರಿ ಕವಚದ ಯೋಧನನ್ನು ಹೇಗೆ ಗೆದ್ದನು, ಗೆದ್ದರೂ ಲೆಕ್ಕದಿಂದ ಹೇಗೆ ತಪ್ಪಿಹೋದನು ಎಂಬುದನ್ನು ಯವನರ ಉದಾಹರಣೆಯಿಂದಲೂ ನಮ್ಮ ನಾಡಿನ ಉದಾಹರಣೆಯಿಂದಲೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಯವನರ ಯುದ್ಧಪದ್ಧತಿಯನ್ನು ನೋಡೋಣ. ಅವರ ಮುಖ್ಯ ಸೈನಿಕನು 'ಹಾಪ್ಲೈಟ್'. ಕಂಚಿನ ಶಿರಸ್ತ್ರಾಣ, ಎದೆಕವಚ, ಜಂಘಾತ್ರಾಣ, ಉದ್ದನೆಯ ಈಟಿ, ಸುಮಾರು ಮೂರು ಅಡಿ ಅಗಲದ ದುಂಡು ಗುರಾಣಿ, ಇವು ಅವನ ಸಾಮಗ್ರಿ. ಗುರಾಣಿಯೊಂದೇ ಆರೇಳು ಕಿಲೋಗ್ರಾಂ ತೂಗುತ್ತಿತ್ತು. ಇಂತಹ ಯೋಧರು ಹೆಗಲಿಗೆ ಹೆಗಲು ಹಚ್ಚಿ, ಸಾಲಿನ ಹಿಂದೆ ಸಾಲಾಗಿ ನಿಂತರೆ ಅದಕ್ಕೆ 'ಫ್ಯಾಲಂಕ್ಸ್' ಎಂದು ಹೆಸರು. ಒಬ್ಬನ ಗುರಾಣಿ ಎಡಗಡೆಯವನ ಬಲಮೈಯನ್ನೂ ಕಾಯುತ್ತಿತ್ತು. ಸಮನೆಲದಲ್ಲಿ ಎದುರಿನಿಂದ ಅದನ್ನು ಮುರಿಯುವುದು ಬಹು ಕಷ್ಟ. ಆದರೆ ಈ ಸಾಮಗ್ರಿಯನ್ನೆಲ್ಲ ಸೈನಿಕನು ಸ್ವಂತ ಹಣದಿಂದ ಕೊಳ್ಳಬೇಕಾಗಿತ್ತು. ಆದುದರಿಂದ ಹಾಪ್ಲೈಟ್ ಎಂದರೆ ಭೂಮಿಕಾಣಿಯುಳ್ಳ ಗೃಹಸ್ಥನೆಂದೇ ಅರ್ಥ. ಸಾಲಿನಲ್ಲಿ ನಿಲ್ಲುವುದು ಅವನಿಗೆ ಯುದ್ಧಧರ್ಮ ಮಾತ್ರವಾಗಿರದೆ ಊರಿನಲ್ಲಿ ಅವನಿಗಿದ್ದ ಮಾನದ ಗುರುತೂ ಆಗಿತ್ತು.

ಕವಚ ಕೊಳ್ಳಲಾರದವನು ಕೈಗೆ ಸಿಕ್ಕಿದ್ದನ್ನು ಹಿಡಿದು ಬರುತ್ತಿದ್ದನು. ಅವರಲ್ಲಿ ಹೆಚ್ಚು ಹೆಸರಾದವರು ಉತ್ತರದ ಥ್ರೇಸ್ ಎಂಬ ಗುಡ್ಡನಾಡಿನಿಂದ ಬಂದ 'ಪೆಲ್ಟಾಸ್ಟ'ರು. ಬೆತ್ತದಂತಹ ಕಡ್ಡಿಗಳಿಂದ ಹೆಣೆದು, ಮೇಕೆಯ ಅಥವಾ ಕುರಿಯ ತೊಗಲು ಹೊದಿಸಿದ, ಬಾಲಚಂದ್ರನಾಕಾರದ 'ಪೆಲ್ಟೆ' ಎಂಬ ಹಗುರ ಗುರಾಣಿಯಿಂದ ಅವರಿಗೆ ಆ ಹೆಸರು ಬಂದಿತು. ಅವರ ಆಯುಧ ಎಸೆಯುವ ಭರ್ಜಿ. ಅದರ ಹಿಡಿಯ ಬಳಿ ಒಂದು ತೊಗಲಿನ ದಾರ ಸುತ್ತಿ ಅದರ ಕುಣಿಕೆಯಲ್ಲಿ ಬೆರಳು ತೂರಿಸಿ ಎಸೆಯುವುದು ರೂಢಿ. ದಾರ ಬಿಚ್ಚಿಕೊಳ್ಳುವಾಗ ಭರ್ಜಿಯು ಬುಗುರಿಯಂತೆ ತಿರುಗುತ್ತ ಹೋಗುವುದರಿಂದ ಅದರ ಗುರಿಯೂ ನೆಟ್ಟಗಾಗುತ್ತದೆ, ದೂರವೂ ಹೆಚ್ಚುತ್ತದೆ.

ಈ ಹಗುರ ಸೈನಿಕರ ಶಕ್ತಿಯನ್ನು ಯವನರು ಪೆಟ್ಟು ತಿಂದೇ ಕಲಿತರು. ಕ್ರಿ. ಪೂ. 426ರಲ್ಲಿ ಅಥೆನ್ಸಿನ ಸೇನಾಪತಿ ಡೆಮಾಸ್ತನೀಸ್ (ಇವನು ಪ್ರಸಿದ್ಧ ವಾಗ್ಮಿಯಲ್ಲ, ಅವನಿಗಿಂತ ಹಿಂದಿನವನು) ಈಟೋಲಿಯಾ ಎಂಬ ಬೆಟ್ಟದ ಸೀಮೆಯನ್ನು ಹೊಕ್ಕನು. ಅಲ್ಲಿಯ ಜನ ಗುಡ್ಡಗಳ ಮೇಲಿನಿಂದ ಓಡಿ ಬಂದು ಭರ್ಜಿ ಎಸೆಯುವರು. ಅಥೆನ್ಸಿನವರು ಮುಂದುವರಿದರೆ ಹಿಂದೆ ಸರಿಯುವರು. ಇವರು ಹಿಂದಿರುಗಿದರೆ ಮತ್ತೆ ಮೇಲೆ ಬೀಳುವರು. ದಾರಿ ತೋರಿಸುವವನು ಸತ್ತನು. ದಣಿದ ಹಾಪ್ಲೈಟರು ಹೊರದಾರಿಯಿಲ್ಲದ ಕಮರಿಗಳಲ್ಲಿ ಸಿಕ್ಕಿಬಿದ್ದರು; ಅಡವಿಯಲ್ಲಿ ಅಡಗಿದವರ ಸುತ್ತ ಬೆಂಕಿ ಹಚ್ಚಲಾಯಿತು. ಅಥೆನ್ಸಿನ ಸುಮಾರು 120 ಹಾಪ್ಲೈಟರು ಅಲ್ಲಿ ಅಳಿದರು.

ಆದರೆ ಡೆಮಾಸ್ತನೀಸನು ಸೋಲಿನಿಂದ ಪಾಠ ಕಲಿತನು. ಮರುವರ್ಷವೇ, ಕ್ರಿ. ಪೂ. 425ರಲ್ಲಿ, ಸ್ಫಾಕ್ಟೀರಿಯಾ ಎಂಬ ಕಲ್ಲುದ್ವೀಪದಲ್ಲಿ 420 ಸ್ಪಾರ್ಟಾ ಹಾಪ್ಲೈಟರು ಮುತ್ತಿಗೆಗೆ ಒಳಗಾದರು. ಅವರ ಮೇಲೆ ಅವನು 800 ಬಿಲ್ಲಾಳುಗಳನ್ನೂ, ಅಷ್ಟೇ ಸಂಖ್ಯೆಗೆ ಕಡಿಮೆಯಿಲ್ಲದ ಪೆಲ್ಟಾಸ್ಟರನ್ನೂ, ಇನ್ನೂ ಬಹುಮಂದಿ ಹಗುರ ಸೈನಿಕರನ್ನೂ ಬಿಟ್ಟನು. ಅವರು ದಿನ್ನೆ ದಿನ್ನೆಗಳ ಮೇಲೆ ನಿಂತು ನಾಲ್ಕೂ ಕಡೆಯಿಂದ ಹೊಡೆಯತೊಡಗಿದರು. ಸ್ಪಾರ್ಟಾದವರು ಯಾವ ಕಡೆಗೆ ತಿರುಗಿದರೂ ಬೆನ್ನು ಇನ್ನೊಂದು ಕಡೆಗೆ ತೆರೆದುಕೊಳ್ಳುತ್ತಿತ್ತು. ಕೊನೆಗೆ ಉಳಿದ 292 ಜನರು ಗುರಾಣಿ ಕೆಳಗಿಟ್ಟು ಶರಣಾದರು. ಸ್ಪಾರ್ಟಾದವರು ಸಾಯುವರೇ ಹೊರತು ಶರಣಾಗರೆಂಬ ನಂಬಿಕೆ ಅಂದು ಮುರಿಯಿತು. ಸೆರೆಯಾದವರಲ್ಲೊಬ್ಬನನ್ನು ಯಾರೋ ಹಂಗಿಸಿದಾಗ, ಶೂರನಾರೆಂದು ಆರಿಸಿ ನೆಡುವ ಬಾಣವಿದ್ದರೆ ಅದು ಬಲು ಬೆಲೆಯುಳ್ಳದ್ದಾದೀತು ಎಂಬ ಅರ್ಥದಲ್ಲಿ ಅವನು ಉತ್ತರಿಸಿದನಂತೆ. ಸೋತ ಮೇಲೆಯೂ ತನ್ನನ್ನು ಗೆದ್ದವನು ವೀರನೆಂದು ಒಪ್ಪಲು ಅವನ ಮನಸ್ಸು ಸಿದ್ಧವಿರಲಿಲ್ಲ.

ಕ್ರಿ. ಪೂ. 390ರಲ್ಲಿ ಕಾರಿಂಥದ ಬಳಿಯ ಲೆಕಾಯಂ ಎಂಬಲ್ಲಿ ನಡೆದ ಕಾಳಗ ಇನ್ನೂ ಸ್ಪಷ್ಟವಾದ ಉದಾಹರಣೆ. ಸುಮಾರು 600 ಸ್ಪಾರ್ಟಾ ಹಾಪ್ಲೈಟರ ದಳವೊಂದು ಕಾರಿಂಥದ ಗೋಡೆಯ ಬದಿಯಿಂದ ಸಾಗುತ್ತಿತ್ತು. ಅಥೆನ್ಸಿನ ಇಫಿಕ್ರಟೀಸನು ತನ್ನ ಪೆಲ್ಟಾಸ್ಟರನ್ನು ಅದರ ಮೇಲೆ ಬಿಟ್ಟನು. ಸ್ಪಾರ್ಟಾದ ನಾಯಕನು ತರುಣರನ್ನು ಆರಿಸಿ, ಅಟ್ಟಿ ಹೊಡೆಯಿರೆಂದು ಆಜ್ಞಾಪಿಸಿದನು. ಕಂಚು ಹೊತ್ತವರು ಓಡಿ ಹಿಡಿಯುವುದೆಲ್ಲಿ ಬಂತು? ಅವರು ದಣಿದು ಚದುರಿ ತಮ್ಮ ಸಾಲಿಗೆ ಮರಳುವಾಗ ಪೆಲ್ಟಾಸ್ಟರು ತಿರುಗಿಬಿದ್ದು ಹೊಡೆದರು. ಹೀಗೆ ಮತ್ತೆ ಮತ್ತೆ ನಡೆದು ಸುಮಾರು 250 ಜನ ಸತ್ತರು. ಓಡಿಹೋಗುವುದೆಂದರೆ ಹೇಡಿತನವೆಂದು ಹಾಪ್ಲೈಟನು ತಿಳಿದಿದ್ದನು; ಹಗುರ ಸೈನಿಕನಿಗಾದರೋ ಓಟವೂ ಒಂದು ಆಯುಧವಾಗಿತ್ತು.

ಮುಂದೆ ಅಲೆಕ್ಸಾಂಡರನು ಈ ಪಾಠವನ್ನು ಮರೆಯಲಿಲ್ಲ. ಕ್ರಿ. ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಪೌರವ ರಾಜನ ಆನೆಗಳನ್ನು ಎದುರಿಸಿದಾಗ ಅಗ್ರಿಯಾನ ಎಂಬ ಬೆಟ್ಟದ ಜನಾಂಗದ ಭರ್ಜಿಯಾಳುಗಳು ಅವನ ಸೈನ್ಯದಲ್ಲಿದ್ದರು. ಅವನ ಹಗುರ ಸೈನಿಕರು ಆನೆಯೊಡನೆ ಸೆಣಸುವ ಬದಲು ಮೇಲೆ ಕುಳಿತ ಮಾವುತರಿಗೆ ಗುರಿಯಿಟ್ಟರು. ಮಾವುತನಿಲ್ಲದ ಆನೆ ತನ್ನವರನ್ನೇ ತುಳಿಯಿತು.

ಇನ್ನು ನಮ್ಮ ಕಡೆಗೆ ಬರೋಣ. ಯವನರಿಗೂ ನಮಗೂ ನಡುವೆ ಸೇತುವೆಯಂತಿರುವ ಒಂದು ಶಾಸನವಿದೆ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರುಶಾಸನಗಳಿರುವುದು ನಮಗೆಲ್ಲ ತಿಳಿದ ಸಂಗತಿ. ಅದೇ ಅಶೋಕನು ಬೇರೆಡೆಗಳಲ್ಲಿ ಕೆತ್ತಿಸಿದ ಹದಿಮೂರನೆಯ ಬಂಡೆಶಾಸನದಲ್ಲಿ ಅಂತಿಯೋಕ, ತುರಮಾಯ ಮೊದಲಾದ ಐವರು ಯವನ ಅರಸರ ಹೆಸರು ಬರುತ್ತದೆ. ಅದೇ ಶಾಸನದಲ್ಲಿ ತನ್ನ ರಾಜ್ಯದ ಅಡವಿಯ ಜನರಿಗೂ ಅವನು ಒಂದು ಮಾತು ಹೇಳಿದ್ದಾನೆ: ಕಳಿಂಗದ ಯುದ್ಧಕ್ಕಾಗಿ ತಾನು ಪಶ್ಚಾತ್ತಾಪಪಟ್ಟಿದ್ದರೂ ಶಿಕ್ಷಿಸುವ ಬಲ ತನಗಿನ್ನೂ ಇದೆಯೆಂದು. ದೂರದ ಯವನರೊಡನೆ ಸ್ನೇಹದಿಂದಿದ್ದ ಚಕ್ರವರ್ತಿಗೆ ಹತ್ತಿರದ ಅಡವಿಯವರ ಬಗೆಗೆ ಎಚ್ಚರವಿತ್ತು.

ಆ ಎಚ್ಚರಕ್ಕೆ ಕಾರಣ ಕೌಟಿಲ್ಯನ ಅರ್ಥಶಾಸ್ತ್ರದಿಂದ ತಿಳಿಯುತ್ತದೆ. ಅವನು ಸೈನ್ಯವನ್ನು ಆರು ಬಗೆಯಾಗಿ ಎಣಿಸುತ್ತಾನೆ: ವಂಶಪಾರಂಪರ್ಯದ ಮೌಲ, ಸಂಬಳದ ಭೃತ, ಶ್ರೇಣಿ, ಮಿತ್ರ, ಅಮಿತ್ರ ಮತ್ತು ಅಟವೀಬಲ. ಇವುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಉತ್ತಮವೆಂಬುದು ಅವನ ಮತ. ಎಂದರೆ ಅಡವಿಯ ಸೈನ್ಯಕ್ಕೆ ಕಟ್ಟಕಡೆಯ ಸ್ಥಾನ. ಅದು ಕೊಳ್ಳೆಗಾಗಿ ಕಾದುವ ಸೈನ್ಯವೆಂದೂ ಅವನು ಹೇಳುತ್ತಾನೆ. ಅಥೆನ್ಸಿನಲ್ಲಿ ಆಸ್ತಿಯಿಲ್ಲದವನು ಕೆಳಗಿನವನಾದರೆ ಇಲ್ಲಿ ಊರಿಲ್ಲದವನು ಕೆಳಗಿನವನಾದನು. ಬೇಕಾದಾಗ ಕರೆಯುವುದು, ಗೆದ್ದ ಮೇಲೆ ದೂರವಿಡುವುದು, ಇದು ಎರಡೂ ಕಡೆ ಒಂದೇ.

ಈಗ ನಮ್ಮ ನೆಲವನ್ನು ನೋಡೋಣ. ಗಂಗಾವತಿಯಿಂದ ಆನೆಗೊಂದಿಗೆ ಹೋಗುವವರು ಇಕ್ಕೆಲದಲ್ಲಿಯೂ ಗುಂಡಿನ ಮೇಲೆ ಗುಂಡು ಹೇರಿದಂತಿರುವ ಬೆಟ್ಟಗಳನ್ನು ಕಾಣುತ್ತಾರೆ. ಅಲ್ಲಿ ಕುದುರೆಯ ಗೊರಸಿಗೆ ನೆಲೆಯಿಲ್ಲ; ಸಾಲುಗಟ್ಟಿ ನಡೆಯಲು ದಾರಿಯಿಲ್ಲ. ಒಬ್ಬ ಮನುಷ್ಯ ಒಂದು ಗುಂಡಿನ ಮರೆಯಲ್ಲಿ ಕುಳಿತರೆ ಹತ್ತು ಹೆಜ್ಜೆ ದೂರದವನಿಗೂ ಕಾಣುವುದಿಲ್ಲ. ಇಂತಹ ನೆಲವೇ ಹಗುರ ಕಾಲಾಳಿನ ಕವಚ. ಗಂಗಾವತಿ ಸೀಮೆಯ ಕುಮ್ಮಟದುರ್ಗ ಇದಕ್ಕೆ ಸಾಕ್ಷಿ. ತನ್ನ ಮರೆಹೊಕ್ಕ ಬಹಾವುದ್ದೀನ್ ಗುರ್ಷಾಸ್ಪನನ್ನು ಒಪ್ಪಿಸಲು ಕಂಪಿಲರಾಯನು ನಿರಾಕರಿಸಿದಾಗ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯ ಅದರ ಮೇಲೆ ಬಂದಿತು. ಎರಡು ಸಲ ಹಿಮ್ಮೆಟ್ಟಿ, ಮೂರನೆಯ ದಂಡಯಾತ್ರೆಯಲ್ಲಿ, 1327ರ ಸುಮಾರಿಗೆ, ಅದು ದುರ್ಗವನ್ನು ಹಿಡಿಯಿತು. ಆ ಕಾಲದ ಕುಮಾರರಾಮನ ಕಥೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ್ದಾನೆ. ಕುಮಾರರಾಮನ ಹೆಸರು ಉಳಿಯಿತು. ಅವನೊಡನೆ ಗುಂಡುಗಳ ಮರೆಯಲ್ಲಿ ನಿಂತವರಲ್ಲಿ ಬಹುಮಂದಿಯ ಹೆಸರು ಉಳಿಯಲಿಲ್ಲ.

ವಿಜಯನಗರದ ಕಾಲದಲ್ಲಿ ಕಾಲಾಳಿನ ಕೆಲಸವೇನೆಂಬುದನ್ನು ಪೋರ್ತುಗೀಸ ನೂನಿಜನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕಾಲಾಳುಗಳು ಹಾರೆ, ಗುದ್ದಲಿ ಹಿಡಿದು ಕೋಟೆಯ ಬುಡಕ್ಕೇ ಹೋಗಿ ಕಲ್ಲು ಕೀಳಬೇಕಾಗಿತ್ತು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತು ಪಣಗಳವರೆಗೆ ಕೊಡುತ್ತಿದ್ದರು. ಮೇಲಿನಿಂದ ಬೀಳುವ ಗುಂಡಿಗೂ ಕಲ್ಲಿಗೂ ಎಷ್ಟೋ ಜನ ಬಲಿಯಾದರು. ಕೊನೆಗೆ ಕ್ರಿಸ್ತೋವಾ ಡಿ ಫಿಗರೇದೊ ಎಂಬವನು ತನ್ನ ಕೆಲವೇ ಬಂದೂಕಿನವರೊಡನೆ ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕೆಳಗಿನವರಿಗೆ ಉಸಿರಾಡಲು ಅವಕಾಶವಾಯಿತು. ಕೋಟೆಯ ಅಧಿಕಾರಿಯೇ ಇಣುಕಿ ನೋಡುವಾಗ ಗುಂಡು ತಗುಲಿ ಸತ್ತನು, ಕೋಟೆ ಶರಣಾಯಿತು. ಭರ್ಜಿ ಎಸೆಯುವವನ ಸ್ಥಾನಕ್ಕೆ ಬಂದೂಕಿನವನು ಬಂದನು. ದೂರದಿಂದ ಹೊಡೆದು ಕಣ್ಮರೆಯಾಗುವ ತತ್ತ್ವ ಮಾತ್ರ ಅದೇ ಉಳಿಯಿತು.

ಆ ತತ್ತ್ವವನ್ನು ನಮ್ಮ ನಾಡಿನಲ್ಲಿ ಪೂರ್ಣವಾಗಿ ಬಲ್ಲವರು ಬೇಡರು. ಬೇಟೆ ಅವರ ಕುಲವೃತ್ತಿ. ಜಾಡು ನೋಡುವುದು, ಸದ್ದಿಲ್ಲದೆ ಸರಿಯುವುದು, ಒಂದೇ ಹೊಡೆತಕ್ಕೆ ಗುರಿ ತಾಗಿಸುವುದು, ಇವನ್ನು ಅವರಿಗೆ ಯಾವ ದಂಡಿನಲ್ಲಿಯೂ ಕಲಿಸಬೇಕಾಗಿರಲಿಲ್ಲ. ಬಿಲ್ಲು ಬಿಟ್ಟು ಬತ್ತಿಕೋವಿ ಹಿಡಿದಾಗಲೂ ಅದೇ ಗುರಿ, ಅದೇ ನಡಿಗೆ. ಇವರ ಪ್ರತಾಪ ಹೆಚ್ಚಾಗಿ ಕಾಣುವುದು ಸುರಪುರದ ಬಳಿಯ ವಾಗಣಗೇರಾ ಮುತ್ತಿಗೆಯಲ್ಲಿ. 1705ರ ಫೆಬ್ರವರಿಯಲ್ಲಿ 86 ವರ್ಷ ವಯಸ್ಸಿನ ಔರಂಗಜೇಬನು ತಾನೇ ದಂಡಿನೊಡನೆ ಬಂದು ಪಿಡ್ಡನಾಯಕನ ಈ ಕೋಟೆಯನ್ನು ಮುತ್ತಿದನು. ಒಳಗಿದ್ದವರು ಬೇಡ ಬಂದೂಕಿನವರು. ಮೊಗಲರು ಲಾಲ್ ಟೇಕಡಿ ಎಂಬ ಕೆಂಪು ದಿನ್ನೆಯನ್ನು ಹಿಡಿದರು. ಬೇಡರು ಬೆಟ್ಟದ ಇಳಿಜಾರಿನಲ್ಲಿ ಏರಿ ಬಂದು ಹೊಡೆದು ಅದನ್ನು ತಿರುಗಿ ಪಡೆದರು. ಮಹಾರಾಷ್ಟ್ರದ ಧನಾಜಿ ಜಾಧವನ ಪಡೆಯೂ ಅವರ ನೆರವಿಗೆ ಬಂದಿತು. ದಖ್ಖಣದ ಅತ್ಯುತ್ತಮ ಸರದಾರರಲ್ಲೊಬ್ಬನಾದ ಜುಲ್ಫಿಕಾರ್ ಖಾನನನ್ನು ಕರೆಸಿಕೊಂಡ ಮೇಲೆಯೇ ಬಾದಶಹನಿಗೆ ದಾರಿ ತೆರೆಯಿತು. ಏಪ್ರಿಲ್ ಕೊನೆಗೆ ಕೋಟೆ ಬಿದ್ದಿತು. ಆದರೆ ಹೊಕ್ಕು ನೋಡಿದರೆ ಹಿಡಿಯಬೇಕಾದವರಿರಲಿಲ್ಲ. ಕೆಲವರನ್ನು ಗುಂಡು ಹಾರಿಸಲು ಬಿಟ್ಟು, ಪಿಡ್ಡನಾಯಕನೂ ಅವನವರೂ ರಾತ್ರಿಯೇ ಜಾರಿಹೋಗಿದ್ದರು. ಇಫಿಕ್ರಟೀಸನ ಪೆಲ್ಟಾಸ್ಟರು ಕೂಡ ಇದಕ್ಕೆ ತಲೆದೂಗುತ್ತಿದ್ದರು. ಬಾದಶಹನು ಮುಂದೆ ದೇವಾಪುರದಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದನು, 1707ರಲ್ಲಿ ತೀರಿಕೊಂಡನು. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಒಂದು ಬೇಡರ ಕೋಟೆಯದು.

ಹಾಗೆಂದು ಹಗುರ ಕಾಲಾಳು ಎಲ್ಲೆಲ್ಲಿಯೂ ಗೆಲ್ಲುವನೆಂದು ತಿಳಿಯಬಾರದು. ಬಯಲಿನಲ್ಲಿ ಕುದುರೆಯ ದಂಡು ಮೇಲೆ ಬಿದ್ದರೆ ಅವನಿಗೆ ಉಳಿವಿಲ್ಲ. ಲೆಕಾಯಂನಲ್ಲಿಯೂ ಸ್ಪಾರ್ಟಾದ ರಾವುತರು ಸರಿಯಾಗಿ ಕೆಲಸ ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವನ ಬಲವೆಲ್ಲ ಮೂರರಲ್ಲಿದೆ: ಪರಿಚಯದ ನೆಲ, ದೂರದ ಆಯುಧ, ಹಿಂದೆ ಸರಿಯುವ ಸ್ವಾತಂತ್ರ್ಯ. ಇವುಗಳಲ್ಲಿ ಒಂದು ತಪ್ಪಿದರೂ ಅವನು ಬಡವನೇ.

ಇನ್ನೊಂದು ಮಾತನ್ನು ಗಮನಿಸಬೇಕು. ಅವನ ಯುದ್ಧದ ಆಯುಧವೂ ಹೊಟ್ಟೆಪಾಡಿನ ಆಯುಧವೂ ಒಂದೇ. ಕುರುಬನ ಕವಣೆ, ಬೇಟೆಗಾರನ ಭರ್ಜಿ, ಬೇಡನ ಕೋವಿ, ಇವು ದಂಡು ಮುಗಿದ ಮೇಲೆ ಮನೆಗೇ ಮರಳುತ್ತವೆ. ಆದುದರಿಂದ 1857ರಲ್ಲಿ ಬ್ರಿಟಿಷ್ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆ ಮಾಡಿ ಆಯುಧಗಳನ್ನು ತಂದೊಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಅದು ಬರಿಯ ಸರಕಾರಿ ಹುಕುಮಾಗಿ ಕಾಣಲಿಲ್ಲ. ಅವರ ಅನ್ನ, ಮಾನ ಎರಡೂ ಅದರಲ್ಲಿದ್ದವು. ಅವರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಅವರ ಕಥೆಯನ್ನು ಲಾವಣಿಕಾರರು ಉಳಿಸಿದರು. ಮರುವರ್ಷ ಸುರಪುರದ ವೆಂಕಟಪ್ಪನಾಯಕನು ಎದ್ದನು. 1858ರ ಜೂನ್ ಒಂದರಂದು ಮುಂಡರಗಿ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ನಮ್ಮ ಕೊಪ್ಪಳದ ಕೋಟೆಯಲ್ಲಿಯೇ ಹೋರಾಡಿ ಮಡಿದರು. ಅವರೊಡನೆ ಇದ್ದ ಕಾಲಾಳುಗಳ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಈ ಪ್ರಶ್ನೆಯೊಡನೆ ಒಮ್ಮೆ ಯವನರ ಕಡೆಗೆ ತಿರುಗಿ ನೋಡೋಣ. ಕ್ರಿ. ಪೂ. 424ರಲ್ಲಿ ಡೀಲಿಯಂ ಎಂಬಲ್ಲಿ ಅಥೆನ್ಸಿನವರು ಸೋತರು. ಇತಿಹಾಸಕಾರ ಥ್ಯುಸಿಡಿಡೀಸನು ಸತ್ತವರ ಲೆಕ್ಕ ಕೊಡುತ್ತಾನೆ: ಬಿಯೋಷಿಯಾದವರು ಐನೂರಕ್ಕೆ ತುಸು ಕಡಿಮೆ, ಅಥೆನ್ಸಿನವರು ಸಾವಿರಕ್ಕೆ ತುಸು ಕಡಿಮೆ. ಆಮೇಲೆ ಹಗುರ ಸೈನಿಕರೂ ಹೊರೆಯಾಳುಗಳೂ ಬಹುಸಂಖ್ಯೆಯಲ್ಲಿ ಸತ್ತರೆಂದು ಸೇರಿಸಿ ಮುಂದೆ ಹೋಗುತ್ತಾನೆ. ಎಷ್ಟು ಜನರೆಂದು ಹೇಳುವುದಿಲ್ಲ. ಲೋಕದ ಅತ್ಯಂತ ಎಚ್ಚರದ ಇತಿಹಾಸಕಾರರಲ್ಲೊಬ್ಬನಾದ ಅವನಿಗೂ ಅವರು ಎಣಿಸತಕ್ಕವರಾಗಿ ಕಾಣಲಿಲ್ಲ.

ಈ ವಿಷಯದಲ್ಲಿ ನಮ್ಮ ಹಳ್ಳಿಗಳ ಪೂರ್ವಿಕರು ಒಂದು ಹೆಜ್ಜೆ ಮುಂದೆ ಹೋಗಿದ್ದರೆಂದು ನನಗೆ ತೋರುತ್ತದೆ. ತುರುಗಳನ್ನು ಕಳ್ಳರಿಂದ ಬಿಡಿಸಲು ಬಿಲ್ಲು ಹಿಡಿದು ಓಡಿ ಸತ್ತವನಿಗೂ ಅವರು ಕಲ್ಲು ನಿಲ್ಲಿಸಿದರು. ಕೆಳಗಿನ ಅಂಕಣದಲ್ಲಿ ಕಾಳಗ. ನಡುವೆ ಅವನನ್ನು ಅಪ್ಸರೆಯರು ಕೊಂಡೊಯ್ಯುವ ನೋಟ. ಮೇಲೆ ಲಿಂಗದ ಮುಂದೆ ಅವನು ಕುಳಿತ ನೋಟ. ಎಷ್ಟೋ ವೀರಗಲ್ಲುಗಳಲ್ಲಿ ಅವನ ಹೆಸರು, ತಂದೆಯ ಹೆಸರು, ಊರಿನ ಹೆಸರುಗಳನ್ನು ಹಳಗನ್ನಡದಲ್ಲಿ ಕೆತ್ತಿದ್ದಾರೆ. ಅವನಿಗೆ ಆನೆಯಿರಲಿಲ್ಲ, ಕುದುರೆಯಿರಲಿಲ್ಲ, ಎದೆಗೆ ಕವಚವೂ ಇರಲಿಲ್ಲ. ಆದರೂ ಊರು ಅವನನ್ನು ಎಣಿಸಿತು.

ಇಂದು ಆ ಕಲ್ಲುಗಳಲ್ಲಿ ಅನೇಕವು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ಸುಣ್ಣ ಬಳಿಸಿಕೊಂಡು, ಅಕ್ಷರ ಸವೆದು ನಿಂತಿವೆ. ಕೆಲವು ಒಗೆಯುವ ಕಲ್ಲುಗಳಾಗಿವೆ. ಸಹಪಾಠಿ ಮಿತ್ರರು ಮುಂದಿನ ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಇಂತಹ ಒಂದು ಕಲ್ಲನ್ನು ಹುಡುಕಿ, ಎಷ್ಟು ಅಂಕಣಗಳಿವೆ, ಅವನ ಕೈಯಲ್ಲಿರುವ ಆಯುಧವಾವುದು, ಬರಹವಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದರೆ ನಮ್ಮ ಇತಿಹಾಸದ ಅಧ್ಯಾಪಕರು ಸಂತೋಷದಿಂದ ಓದಿ ಹೇಳಿಯಾರು. ಡೀಲಿಯಂನಲ್ಲಿ ಸತ್ತ ಹಗುರ ಸೈನಿಕರ ಹೆಸರನ್ನು ಇನ್ನು ಯಾರೂ ತಿಳಿಯಲಾರರು. ನಮ್ಮ ಊರಿನ ಬದುವಿನಲ್ಲಿ ನಿಂತವನ ಹೆಸರನ್ನಾದರೂ ಅಕ್ಷರ ಪೂರ್ತಿ ಸವೆಯುವ ಮೊದಲು ಓದಿಕೊಳ್ಳುವುದು ನಮ್ಮ ಕೈಯಲ್ಲಿದೆ.